ಬಾರದ ಗೇಲಿ

“ಟೋಪಿ ತೆಗೀರಿ ಭಾವ. ನೆಟ್ಟಗೆ ನಿಂತ್ಕೊಳ್ಳಿ. ನಗಬೇಡಿ.”

ದುಲಾತ್ ಟೋಪಿ ತೆಗೆದ. ಬೆನ್ನ ಹಿಂದೆ ಚಾರಿನ್ ಕಣಿವೆ. ಮರಳುಗಾಡಿನ ನೆಲ ಅಲ್ಲಿಗೆ ಮುಗಿದು ಕೆಂಪು ಬಂಡೆಗಳು ಕೆಳಕ್ಕಿಳಿದಿದ್ದವು. ಎದುರಿಗೆ ಹೆಂಡತಿಯ ತಮ್ಮ ಮುಖಿತ್, ಒಂದು ಕಣ್ಣು ಮುಚ್ಚಿ ಫೋನ್ ಹಿಡಿದಿದ್ದ.

“ನಿಮ್ಮಕ್ಕನೂ ಬರಲಿ.”

“ಅಕ್ಕ ಆಮೇಲೆ. ಮೊದಲು ನಿಮ್ಮೊಬ್ಬರದೇ ಇರಲಿ. ಎದೆವರೆಗೆ ಸಾಕು.”

ಎದೆವರೆಗೆ! ಆಲ್ಮಾಟಿ ನಗರದಿಂದ ಇಷ್ಟು ದೂರ ಕಣಿವೆ ನೋಡಲು ಬಂದು, ಕಣಿವೆಯನ್ನೇ ಬಿಟ್ಟು ಯಾವ ಮನುಷ್ಯ ಫೋಟೋ ತೆಗೆಯುತ್ತಾನೆ? ಸ್ಮಶಾನದಲ್ಲಿ ಗೋರಿಯ ಕಪ್ಪು ಕಲ್ಲುಗಳ ಮೇಲೆ ಕೆತ್ತಿಸಿದ ಸತ್ತವರ ಮುಖಗಳೆಲ್ಲ ಹೀಗೇ ಇರುತ್ತವೆ. ನಗುವಿಲ್ಲ, ಎದೆವರೆಗೆ.

ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುವ ದುಲಾತ್ ಆಧಾರವಿಲ್ಲದೆ ಏನನ್ನೂ ನಂಬುವವನಲ್ಲ. ಇವತ್ತು ಬೆಳಗಿನಿಂದ ಆಧಾರಗಳು ತಾವಾಗಿಯೇ ಬಂದು ಮಡಿಲಲ್ಲಿ ಬೀಳುತ್ತಿದ್ದವು. ಮುಖಿತ್ ಒಂದು ಸಲವೂ ಅವನನ್ನು ಗೇಲಿ ಮಾಡಿರಲಿಲ್ಲ. ಭಾವನ ಕಾಲೆಳೆಯದ ಭಾಮೈದ ಎಲ್ಲಾದರೂ ಉಂಟೆ? ಮದುವೆಯಾದಾಗಿನಿಂದ ಇವನು ದುಲಾತ್‌ನ ಬೋಳು ತಲೆ, ಹೊಟ್ಟೆ, ಲಡಕಾಸಿ ಕಾರು ಯಾವುದನ್ನೂ ಬಿಟ್ಟವನಲ್ಲ.

ದುಲಾತ್ ತಾನೇ ಕೆಣಕಿದ. “ಏನೋ, ನನ್ನ ಹೊಟ್ಟೆ ಫೋಟೋದಲ್ಲಿ ಹಿಡಿಸುತ್ತೇನೋ?”

“ಹೊಟ್ಟೆ ಎಲ್ಲಿದೆ ಭಾವ? ಕರಗಿಹೋಗಿದೆಯಲ್ಲ,” ಎಂದ ಮುಖಿತ್. ಅಂದವನೇ ನಾಲಿಗೆ ಕಚ್ಚಿಕೊಂಡು ಅಕ್ಕನ ಕಡೆ ನೋಡಿದ. ರಯ್ಹಾನ್ ಆಗಲೇ ಕಣಿವೆಯ ಕಡೆ ತಿರುಗಿದ್ದಳು.

ಅಲ್ಲಿಂದ ಚುಂಜಾದ ಬಿಸಿನೀರಿನ ಬುಗ್ಗೆಗಳಿಗೆ ಹೊರಟರು. ದಾರಿಯಲ್ಲಿ ರಯ್ಹಾನ್ ಡಬ್ಬಿ ಬಿಚ್ಚಿ, ಕುದುರೆ ಮಾಂಸದಲ್ಲಿ ಕೊಬ್ಬಿರುವ ತುಂಡನ್ನೇ ಆರಿಸಿ ಗಂಡನ ಕೈಗೆ ಕೊಟ್ಟಳು. ಕೊಬ್ಬು ಮುಟ್ಟಬೇಡಿ ಎಂದು ವರ್ಷಗಟ್ಟಲೆ ಕೂಗಾಡಿದವಳು!

“ಡಾಕ್ಟರು ನನ್ನನ್ನ ಹೊರಗೆ ಕೂರಿಸಿ ನಿನಗೆ ಏನು ಹೇಳಿದರು?”

“ಹೊಟ್ಟೇಲಿ ಹುಣ್ಣು ಅಂದ್ರಲ್ಲ. ಎಷ್ಟು ಸಲ ಕೇಳ್ತೀರಿ?”

“ಹುಣ್ಣು ಅನ್ನೋಕೆ ಬಾಗಿಲು ಯಾಕೆ ಹಾಕ್ಕೋಬೇಕಿತ್ತು?”

“ಗಾಳಿ ಬೀಸ್ತಿತ್ತು.”

ದುಲಾತ್ ಮಾಂಸ ಜಗಿದ. ಕೆಟ್ಟ ಕಾಯಿಲೆಯ ಹೆಸರನ್ನು ರೋಗಿಗೆ ಯಾರೂ ಹೇಳುವುದಿಲ್ಲ, ಮನೆಯವರಿಗೆ ಹೇಳುತ್ತಾರೆ. ಮನೆಯವರು ಒಳ್ಳೆಯವರಾಗಿಬಿಡುತ್ತಾರೆ. ಅಪ್ಪನ ಕಾಲಕ್ಕೆ ಈ ನಾಟಕದಲ್ಲಿ ಅವನದೂ ಪಾತ್ರವಿತ್ತು. ಅಪ್ಪನಿಗೂ ಹುಣ್ಣು ಅಂತಲೇ ಹೇಳಿದ್ದರು. ಅಪ್ಪ ನಂಬಿದ್ದನೋ, ನಂಬಿದವನ ಪಾತ್ರ ಮಾಡಿದ್ದನೋ, ಈಗ ಕೇಳುವುದಕ್ಕೆ ಆಗುವುದಿಲ್ಲ. ಸತ್ತ ಮೇಲೆ ಅವನ ಕೋಟು, ಬಟ್ಟೆಗಳನ್ನೆಲ್ಲ ವಾಡಿಕೆಯಂತೆ ನೆಂಟರಿಗೆ ಹಂಚಿದ್ದರು. ದುಲಾತ್‌ಗೆ ಭಯವಾಯಿತು. ಕಾಲೇಜಿನ ಯಾವ ತರ್ಕಕ್ಕೂ ಬಗ್ಗದ ಭಯ.

ಬುಗ್ಗೆಯ ಕೊಳದ ಮೇಲೆ ಆವಿ ಆಡುತ್ತಿತ್ತು. ಸಂಜೆಯ ಚಳಿಗೆ ಬೇರೆ ಯಾರೂ ಬಂದಿರಲಿಲ್ಲ. ದುಲಾತ್ ಕೋಟು, ಬಟ್ಟೆ ಕಳಚಿ ಗೂಟಕ್ಕೆ ನೇತುಹಾಕಿ, ಚಡ್ಡಿಯಲ್ಲಿ ನಡುಗುತ್ತ ಬಂದ. ಕೊಳ ನೋಡಿಕೊಳ್ಳುವ ಹೆಂಗಸು ಟವೆಲ್ ಕೊಡುತ್ತ ಕೇಳಿದಳು.

“ಮೈಯಲ್ಲಿ ಗಡ್ಡೆ ಗಿಡ್ಡೆ ಏನಾದ್ರೂ ಇದೆಯಾ ಅಣ್ಣ? ಇದ್ರೆ ಇಳೀಬೇಡಿ. ಈ ಬಿಸಿಗೆ ಅದು ಬೆಳೆದುಬಿಡುತ್ತೆ. ಎಲ್ಲರನ್ನೂ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ.”

ದುಲಾತ್‌ನ ತಲೆ ಚುರುಕಾಯಿತು. ಬೆಳಗಿನಿಂದ ಹುಡುಕುತ್ತಿದ್ದ ಪರೀಕ್ಷೆ ತಾನಾಗಿಯೇ ಕಾಲಬುಡಕ್ಕೆ ಬಂದಿತ್ತು. ಗಡ್ಡೆ ಇದ್ದರೆ ರಯ್ಹಾನ್ ತಡೆಯುತ್ತಾಳೆ. ತಡೆಯದಿದ್ದರೆ ಗಡ್ಡೆ ಇಲ್ಲ. ಅವನು ಹೆಂಡತಿಯ ಮುಖವನ್ನೇ ದಿಟ್ಟಿಸಿದ.

“ಇಳೀಲಾ?”

ರಯ್ಹಾನ್ ಒಂದು ಕ್ಷಣ ಆವಿಯನ್ನು ನೋಡಿದಳು.

“ಇಳೀರಿ,” ಎಂದಳು. “ಬಂದಿದ್ದು ಅದಕ್ಕೇ ಅಲ್ವಾ? ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಇರಿ.”

ಅಬ್ಬಾ! ದುಲಾತ್‌ಗೆ ಹೋದ ಜೀವ ಬಂದಂತಾಯಿತು. ಎಂಥ ಹುಚ್ಚ ತಾನು! ನೀರು ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ಬಹಳ ದಿನಗಳ ಮೇಲೆ ಅವನು ಬಾಯಿಬಿಟ್ಟು ನಕ್ಕ. ನೀರು ಕುತ್ತಿಗೆಗೆ ಬಂದಾಗ ಇನ್ನೊಂದು ಯೋಚನೆ ಬಂತು. ತಡೆದು ಏನೂ ಉಪಯೋಗವಿಲ್ಲದಿದ್ದರೂ ಇಳಿಯಿರಿ ಅಂತಲೇ ಹೇಳುತ್ತಾರೆ.

ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು. ಹಾಗೇಕೆ ಅಂದಳು? ಕೊಬ್ಬಿನ ತುಂಡೂ ಹೀಗೇ ತಾನೇ ಕೈಗೆ ಬಂದಿತ್ತು?

“ಏನೋ ಮುಖಿತ್,” ಎಂದು ಕೂಗಿದ. ದನಿ ಬೇಡುವವನ ದನಿಯಂತಿತ್ತು. “ಹಂಡೇಲಿ ಬೇಯೋ ಕುರಿ ತಲೆ ಥರ ಕಾಣ್ತೀನೇನೋ?”

“ಇಲ್ಲ ಭಾವ. ಚೆನ್ನಾಗಿ ಕಾಣ್ತೀರಿ.”

ಗಾಳಿ ಜೋರಾಯಿತು. ಮುಖಿತ್ ಬರೀ ಅಂಗಿಯಲ್ಲಿ ಕೈ ಉಜ್ಜಿಕೊಳ್ಳುತ್ತಿದ್ದ. ರಯ್ಹಾನ್ ಗೂಟದಿಂದ ಗಂಡನ ಕೋಟು ತೆಗೆದು ತಮ್ಮನ ಹೆಗಲಿಗೆ ಹಾಕಿದಳು. “ತೋಳು ಹಾಕ್ಕೋ, ಶೀತ ಆಗುತ್ತೆ.” ಅವನು ತೋಳು ತೂರಿಸಿದ, ಗುಂಡಿ ಹಾಕಿಕೊಂಡ, ಬಗ್ಗಿ ಒಮ್ಮೆ ನೋಡಿಕೊಂಡ. ಬೆಳಗಿನಿಂದ ಬಿಗಿಹಿಡಿದಿದ್ದ ಹಳೆಯ ಪುಂಡ ನಗು ಅವನ ಮುಖಕ್ಕೆ ಬಂತು.

“ಭಾವಾ! ನನ್ನ ಅಳತೆ ಕೊಟ್ಟೇ ಹೊಲಿಸಿದ್ರಾ ಹೆಂಗೆ ಇದನ್ನ?”

“ಸುಮ್ನಿರೋ!” ರಯ್ಹಾನ್ ಕಿರುಚಿದಳು. ಕೊಳದ ಹೆಂಗಸು ತಿರುಗಿ ನೋಡಿದಳು.

ನಗಬೇಕೆಂದು ದುಲಾತ್ ಬಾಯಿ ತೆರೆದ. ಬಿಸಿನೀರು ಒಳಗೆ ನುಗ್ಗಿತು. ಕೆಮ್ಮಿ, ಕಣ್ಣೊರೆಸಿಕೊಂಡು ನೋಡಿದಾಗ ಆವಿ ದಟ್ಟವಾಗಿತ್ತು. ಮುಖಿತ್‌ನ ಮುಖ ಕಾಣಿಸಲಿಲ್ಲ. ದಡದ ಮೇಲೆ ದುಲಾತ್‌ನ ಕೋಟು ನಿಂತಿತ್ತು. ರಯ್ಹಾನ್ ಅದರ ಎದೆಗೆ ಹಣೆ ಒತ್ತಿ ನಿಂತಿದ್ದಳು.