ಬುಡದ ಕೊಂಬೆ

"ಅಪ್ಪಾ, ಅದಕ್ಕೆ ಕತ್ತರಿ ಹಾಕಿದ್ರೆ ನೋಡಿ!"

ಮಗಳು ಒಳಗಿನಿಂದ ಓಡಿಬಂದು ಅಪ್ಪನ ಮಣಿಕಟ್ಟು ಹಿಡಿದುಕೊಂಡಳು. ಗೇಟಿನ ಕಮಾನಿಗೆ ಹಬ್ಬಿಸಿದ ಗುಲಾಬಿಬಳ್ಳಿಯ ಹೆಬ್ಬೆರಳು ದಪ್ಪದ ಕೊಂಬೆಯೊಂದು ರಾತ್ರಿಯ ಗಾಳಿಗೆ ಜೋತು ದಾರಿಗೆ ಅಡ್ಡ ಬಂದಿತ್ತು. ಹೊರಗೆ ಶವದ ಗಾಡಿ ಕಾಯುತ್ತಿತ್ತು. ನಡುಮನೆಯಲ್ಲಿ ಅಮ್ಮನನ್ನು ಮಲಗಿಸಿದ್ದರು. ನಿನ್ನೆ ಹೊಲಿಗೆ ಮಿಷನ್ನಿನ ಮುಂದೆಯೇ ಎದೆ ಹಿಡಿದುಕೊಂಡು ಕುಸಿದವಳು ಮತ್ತೆ ಏಳಲಿಲ್ಲ.

"ಹೊರೋರ ಮುಖಕ್ಕೆ ಮುಳ್ಳು ಚುಚ್ಚಲ್ವೇನೆ? ಕಡಿದ್ರೆ ಮತ್ತೆ ಚಿಗುರುತ್ತೆ. ನಾನು ಬೆಳೆಸಿದ ಗಿಡ, ನನಗೆ ಗೊತ್ತಿಲ್ವಾ?"

ನಾನು ಬೆಳೆಸಿದ ಗಿಡ. ಬೆಳಗಿನಿಂದ ಇದು ನಾಲ್ಕನೇ ಸಲ. ಅಪ್ಪನ ಆಫೀಸಿನವರು ಗೇಟಿನಲ್ಲೇ ತಲೆಯೆತ್ತಿ "ಏನು ಹೂವು ಸಾರ್!" ಅಂದಾಗಲೆಲ್ಲ ಅಪ್ಪ ದುಃಖವನ್ನು ಅರೆಗಳಿಗೆ ಪಕ್ಕಕ್ಕಿಟ್ಟು ಗಿಡದ ಕತೆ ಹೇಳಿದ್ದರು.

"ಬಿಡೇ, ಹೊತ್ತಾಯ್ತು," ಎಂದರು ಚಿಕ್ಕಪ್ಪ. "ಹೆಣ ಇಟ್ಕೊಂಡು ಗಿಡದ ವಿಷಯಕ್ಕೆ ಜಗಳ ಆಡ್ತಾರಾ?"

"ಆಡ್ತೀನಿ ಚಿಕ್ಕಪ್ಪ. ಇವತ್ತು ಬಿಟ್ರೆ ಇನ್ಯಾವತ್ತು?"

*

ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಕಾಲರು ಕೂರಿಸಿದವಳು ಅಮ್ಮ. ಸಂಜೆ ಬಂದವಳೇ ಚೀಲದಿಂದ ಚಿಂದಿಪಟ್ಟಿಗಳನ್ನು ತೆಗೆದುಕೊಂಡು ಸ್ಟೂಲು ಹತ್ತುತ್ತಿದ್ದಳು. ಆ ಬಳ್ಳಿಯೋ, ವಾರ ಕಣ್ಣು ತಪ್ಪಿಸಿದರೆ ಪಕ್ಕದವರ ಕಿಟಕಿಗೇ ಕೈ ಹಾಕುವ ಜಾತಿ. ಅಮ್ಮ ಎಳೆಗೊಂಬೆಯನ್ನು ದಿನಕ್ಕಿಷ್ಟಿಷ್ಟೇ ಬಾಗಿಸಿ, ಬೆರಳು ತೂರುವಷ್ಟು ಸಡಿಲ ಬಿಟ್ಟು ತಂತಿಗೆ ಕಟ್ಟುತ್ತಿದ್ದಳು.

"ನೆಟ್ಟಗೆ ಬಿಟ್ರೆ ತುದೀಲಷ್ಟೇ ಹೂವು. ಅಡ್ಡ ಬಾಗಿಸಿದ್ರೆ ಗೆಣ್ಣುಗೆಣ್ಣಿಗೂ ಬಿಡುತ್ತೆ."

"ಹೇಳಿದ ಹಾಗೆ ಕೇಳುತ್ತಾಮ್ಮ?"

"ಕೇಳದೆ ಏನು? ಇದೇನು ನಿಮ್ಮಪ್ಪನಾ?"

ಮನೆತೋಟದ ಸ್ಪರ್ಧೆಯಲ್ಲಿ ಬಹುಮಾನ ಬಂದಾಗ ವೇದಿಕೆ ಹತ್ತಿದ್ದು ಅಪ್ಪ. ಬುಡದಿಂದಲೇ ಹೂವು ಬರುವುದು ಹೇಗೆ ಎಂದು ಯಾರೋ ಕೇಳಿದರು. ಅಪ್ಪ ತಡವರಿಸಿ ಕೆಳಗೆ ನೋಡಿದರು. ಅವರ ಚೀಲ ಹಿಡಿದು ನಿಂತಿದ್ದ ಅಮ್ಮ ಮೆಲ್ಲಗೆ, "ಅಡ್ಡ ಬಾಗಿಸ್ಬೇಕು" ಅಂದಳು.

"ಅಡ್ಡ ಬಾಗಿಸ್ಬೇಕು!" ಎಂದರು ಅಪ್ಪ ಮೈಕಿನಲ್ಲಿ.

ಎಲ್ಲರೂ ಚಪ್ಪಾಳೆ ತಟ್ಟಿದರು. ಚೀಲವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಅಮ್ಮನೂ ತಟ್ಟಿದಳು. ಮಗಳಿಗೆ ಇವತ್ತಿಗೂ ಹೊಟ್ಟೆ ಉರಿಯುವುದು ಆ ಚಪ್ಪಾಳೆಗೇ.

*

"ಕಡಿಯೋದೇನೂ ಬೇಡ. ಕಟ್ಟು ಬಿಚ್ಚಿ ಮೇಲಕ್ಕೆತ್ತಿದ್ರೆ ಸಾಕು." ಮಗಳು ಕತ್ತರಿ ಕಿತ್ತುಕೊಂಡಳು. "ಬುಡದ ಕೊಂಬೆ ಅದು, ಕಮಾನಿನ ಅರ್ಧ ಹೂವು ಅದರದ್ದೇ. ಬೆಳೆಸಿದವರಿಗೆ ಗೊತ್ತಿರಬೇಕಲ್ಲ? ಹೇಳಿ, ಯಾವ ಕಟ್ಟು ಬಿಚ್ಚಬೇಕು?"

ಅಪ್ಪ ಕಮಾನಿನ ಗಂಟುಗಳ ಮೇಲೆ ಕಣ್ಣಾಡಿಸಿದರು.

"ಹತ್ತು ಜನರ ಮುಂದೆ ಮಾನ ಕಳೀಬೇಡ," ಅಪ್ಪ ಹಲ್ಲು ಕಚ್ಚಿದರು.

"ಅವಳ ಹೆಸರು ಒಂದು ಸಲ ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

ಅಪ್ಪ ಸಿಟ್ಟಿನಲ್ಲಿ ಬರಿಗೈಯಲ್ಲೇ ಕೊಂಬೆ ಹಿಡಿದು ಜಗ್ಗಿದರು. ಮರುಗಳಿಗೆ "ಅಮ್ಮಾ!" ಎಂದು ಕೂಗಿ ಕೈಬಿಟ್ಟರು.

ಕಾರ್ಖಾನೆಯ ಹೆಂಗಸರ ಗುಂಪಿನಿಂದ ಕಾಜಾ ಅಕ್ಕ ಮುಂದೆ ಬಂದಳು. ಶರ್ಟುಗಳಿಗೆ ಕಾಜಾ ಹೊಲಿದೂ ಹೊಲಿದೂ ಆ ಹೆಸರು ಬಿದ್ದವಳು, ಅಮ್ಮನ ಪಕ್ಕದ ಮಿಷನ್ನಿನವಳು. "ಸ್ಟೂಲು ತಗೊಂಬಾ ಮಗಳೇ," ಎಂದು ಟವೆಲನ್ನು ಕೈಗೆ ಸುತ್ತಿಕೊಂಡಳು. ಮಗಳು ಹತ್ತಿ ಗಂಟು ಬಿಚ್ಚಿದಳು. ಇಬ್ಬರೂ ಸೇರಿ ಕೊಂಬೆಯನ್ನು ತಲೆಯ ಮೇಲಕ್ಕೆತ್ತಿ ಹಿಡಿದರು. ಅಮ್ಮನನ್ನು ಅದರಡಿಯಲ್ಲೇ ಹೊತ್ತು ಹೋದರು.

ಗಾಡಿಯಲ್ಲಿ ಮಗಳು ಅಪ್ಪನ ಕಡೆ ತಿರುಗಲಿಲ್ಲ. ಕಾಜಾ ಅಕ್ಕ ಸೆರಗಿಗೆ ಸಿಕ್ಕಿಸಿಕೊಂಡಿದ್ದ ಸೂಜಿ ತೆಗೆದು, ಅಪ್ಪನ ಅಂಗೈಯನ್ನು ತನ್ನ ಮಂಡಿಯ ಮೇಲೆ ಒತ್ತಿ ಹಿಡಿದಳು.

"ಮೆಲ್ಲಗಮ್ಮಾ... ಉರಿಯುತ್ತೆ!" ಬೆಳಗಿನಿಂದ ಮೊದಲ ಸಲ ಅಪ್ಪನ ಕಣ್ಣಲ್ಲಿ ನೀರು ಬಂತು.

"ಒಂದೇ ಒಂದು ಮುಳ್ಳು ಸಾರ್," ಎಂದು ಅವಳು ಸೂಜಿಯನ್ನು ಇನ್ನಷ್ಟು ಊರಿದಳು. "ಅಲ್ಲಾಡಬೇಡಿ."