ಹಿಂದಿನಿಂದ ಕರೆಯಬಾರದು

ಇಬ್ಬರ ಹಾಳೆಯಲ್ಲೂ ಒಂದೇ ವಾಕ್ಯ. ಯಾರು ಯಾರದನ್ನು ನೋಡಿ ಬರೆದದ್ದು ಎಂದು ಮಂಗೇಶ ಸರ್ ಕೇಳಿದರು. ಕಾರವಾರದಿಂದ ಬಸ್ಸು ಹಿಡಿದು ಅಂಕೋಲೆಯ ಕಾಲೇಜಿಗೆ ಇಂಗ್ಲಿಷ್ ಕಲಿಸಲು ಈ ವರ್ಷವಷ್ಟೇ ಬಂದವರು. ಪಾಪ, ಅವರಿಗೆ ನಕಲಲ್ಲದೆ ಬೇರೇನು ಕಾಣಬೇಕು?

ಕೊಟ್ಟ ಹೊಸ ಶಬ್ದ ಬಳಸಿ ವಾಕ್ಯ ಮಾಡಬೇಕು, ನಡುವೆ ಸೆಮಿಕೋಲನ್ ಬರಬೇಕು, ಅದರ ಎರಡೂ ಕಡೆ ಪೂರ್ತಿ ಮಾತಿರಬೇಕು ಎಂದಿದ್ದರು. ‘ಅಬ್ರಪ್ಟ್ಲಿ’ ಎಂಬ ಶಬ್ದಕ್ಕೆ ಸುಮಿತಾ ಬರೆದದ್ದು ಇಷ್ಟು: ನೀರು ಹಠಾತ್ತನೆ ಏರಿತು; ಅವಳಿಗೆ ಗೊತ್ತಾಗಲಿಲ್ಲ. ನಿತೇಶನೂ ಅದನ್ನೇ ಬರೆದಿದ್ದ.

ಬರೆಯದೆ ಏನು ಮಾಡಿಯಾನು? ಕಳೆದ ವರ್ಷ ಮಂಜಗುಣಿಯ ಅಳಿವೆಯಲ್ಲಿ ಬಳಚು ಚಿಪ್ಪುಮೀನು ಹೆಕ್ಕಲು ಇಳಿದ ಮಾದಿ ತಿರುಗಿ ಬರಲಿಲ್ಲ. ನಿತೇಶನ ತಾಯಿ ಅವಳು, ಸುಮಿತಾಳ ನೆರೆಮನೆಯವಳು. ಪೊಲೀಸರಿಗೂ ನೆಂಟರಿಗೂ ಊರಿಗೆ ಊರೇ ಹೇಳಿದ್ದು ಆ ಎರಡೇ ಮಾತು.

“ನಾವು ನೋಡಿ ಬರಿಲಿಲ್ಲ ಸರ್,” ಎಂದ ನಿತೇಶ.

“ಹಾಗಾದರೆ ನನ್ನೆದುರೇ ಬರೆಯಿರಿ. ನೀನು ಈ ಮೂಲೆ, ಅವಳು ಆ ಮೂಲೆ. ಮತ್ತೆ ಒಂದೇ ಆದರೆ ಇಬ್ಬರಿಗೂ ಸೊನ್ನೆ. ಮನೆಯವರನ್ನೂ ಕರೆಸ್ತೇನೆ.” ‘ರಿಲಕ್ಟಂಟ್’ ಎಂದು ಬೋರ್ಡಿನ ಮೇಲೆ ಬರೆದರು. ಮನಸ್ಸಿಲ್ಲದ, ಹಿಂಜರಿಯುವ ಎಂದು ಅರ್ಥ ಹೇಳಿ ಐದು ನಿಮಿಷ ಕೊಟ್ಟರು.

ಸುಮಿತಾ ಬಸ್ಸಿನ ಮೇಲೋ ಮಳೆಯ ಮೇಲೋ ಒಂದು ವಾಕ್ಯ ಹೆಣೆಯಬಹುದಿತ್ತು. ಆದರೆ ಆ ಅರ್ಥ ಕಿವಿಗೆ ಬಿದ್ದ ಮೇಲೆ ಬೇರೇನೂ ಹೊಳೆಯಲಿಲ್ಲ. ಅವತ್ತು ಅವಳು ದಂಡೆಯಲ್ಲೇ ಇದ್ದಳು. ನೀರು ಏರುವುದನ್ನು ಕಂಡಳು. ಮಾದಿ ಬೆನ್ನು ಹಾಕಿ ಬಗ್ಗಿದ್ದಳು. ನೀರಿಗಿಳಿದವರನ್ನು ಹಿಂದಿನಿಂದ ಹೆಸರು ಹಿಡಿದು ಕೂಗಬಾರದು, ಅಪಶಕುನ ಎಂದು ಅಜ್ಜಿ ಚಿಕ್ಕಂದಿನಿಂದ ಗದರಿ ಕಲಿಸಿದ್ದಳು. ಈಗ ತಿರುಗುತ್ತಾಳೆ, ಈಗ ತಿರುಗುತ್ತಾಳೆ ಎಂದು ಈ ಹುಡುಗಿ ಬಾಯಿ ಬಿಗಿಹಿಡಿದು ಕಾದಳು. ಸುಡುಗಾಡು ಶಕುನ! ವರ್ಷವಾಯಿತು, ಯಾರಿಗೂ ಹೇಳಿಲ್ಲ. ನಿತೇಶನಿಗಂತೂ ಗೊತ್ತಾಗಲೇಬಾರದು.

ಓದುವವರು ಸರ್ ಒಬ್ಬರೇ, ಅದೂ ಇಂಗ್ಲಿಷಿನಲ್ಲಿ ಎಂದು ಧೈರ್ಯ ಮಾಡಿ ಬರೆದಳು: ಹಿಂದಿನಿಂದ ಕೂಗಲು ನಾನು ಹಿಂಜರಿದೆ; ಅವಳು ತಿರುಗಿ ನೋಡಲೇ ಇಲ್ಲ.

“ಹಾಳೆ ಬದಲಿಸಿಕೊಳ್ಳಿ,” ಎಂದರು ಸರ್. “ಅವಳದು ನೀನು ಓದು, ನಿನ್ನದು ಅವಳು ಓದಲಿ. ಜೋರಾಗಿ.”

ಸುಮಿತಾ ಬೇಡ ಎನ್ನುವಷ್ಟರಲ್ಲಿ ಅವಳ ಹಾಳೆ ನಿತೇಶನ ಕೈಯಲ್ಲಿತ್ತು, ಅವನದು ಅವಳ ಕೈಯಲ್ಲಿ. ಅವನು ಬರೆದಿದ್ದ: ಅವತ್ತು ಹೋಗಲು ಅವ್ವಿಗೆ ಮನಸ್ಸಿರಲಿಲ್ಲ; ಬಳಚಿನ ಸಾರು ಬೇಕೆಂದು ನಾನೇ ಕಳಿಸಿದೆ.

ಅವಳು ಎರಡು ಸಲ ಓದಿದಳು. ತಲೆ ಎತ್ತಲು ಹೆದರಿಕೆಯಾಯಿತು. ಆ ಮೂಲೆಯಲ್ಲಿ ನಿತೇಶನೂ ಅವಳದನ್ನು ಓದುತ್ತಿದ್ದ.

“ಓದು, ಎಂತ ನೋಡ್ತಿದ್ದೀ?” ಎಂದರು ಸರ್ ಅವನಿಗೆ.

ನಿತೇಶ ಅವಳ ಹಾಳೆಯನ್ನು ನಾಲ್ಕು ಮಡಿಕೆ ಮಡಿಚಿ ಕಿಸೆಗಿಟ್ಟ. ಅವಳ ಕಡೆ ನೋಡಲಿಲ್ಲ.

“ನಾನೇ ನೋಡಿ ಬರ್ದದ್ದು ಸರ್. ಸೊನ್ನೆ ಹಾಕಿ.”

ಸುಮಿತಾ ಅವನ ಹಾಳೆಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಎದ್ದು ನಿಂತಳು.

“ನಂಗೂ ಹಾಕಿ ಸರ್.”