ಹಿಂದಕ್ಕೆ ಒರಗಿದ ಅಕ್ಷರ

ಮಧುಗಿರಿಯ ಮರುಳಸಿದ್ದಯ್ಯನ ಅಚ್ಚುಕೂಟದಲ್ಲಿದ್ದದ್ದು ಕಾಲಲ್ಲಿ ತುಳಿಯುವ ಸಣ್ಣ ಯಂತ್ರ. ಗೋಡೆಗೆ ಅಂಟಿಸಲು ಅದರಲ್ಲಿ ಅಚ್ಚು ಹಾಕುವ ಕಾಗದದ ಅಗಲಕ್ಕೆ ‘ನಂದೀಶ್ವರಯ್ಯನವರು’ ಎಂಬ, ಪುರಾಣ ಓದುವ ಅಯ್ಯನವರ ಹೆಸರು ದಪ್ಪಕ್ಷರದಲ್ಲಿ ಒಂದೇ ಸಾಲಿಗೆ ಹಿಡಿಯುತ್ತಿರಲಿಲ್ಲ. ಎರಡು ಸಾಲಿಗೆ ಮುರಿಯಲು ಅವನಿಗೆ ಮನಸ್ಸಿಲ್ಲ. ತೊಟ್ಟಿಲಲ್ಲಿದ್ದಾಗಿನಿಂದ ಅಯ್ಯನವರು ಓದುವ ಪುರಾಣ ಕೇಳಿ ಬೆಳೆದವನು.

ಹೋದ ವರ್ಷ ಸಿರಾದ ಮಠದಲ್ಲಿ ಅಯ್ಯನವರು ಓದಿದಾಗ ಎದುರಿಗೆ ಕೂತಿದ್ದು ಇವನೂ ಹೆಂಡತಿ ಸರ್ವಮಂಗಳೆಯೂ ಮಠದ ಹಸುವೂ. ಊರಿಗೆ ಊರೇ ನಾಟಕದ ಡೇರೆಯಲ್ಲಿತ್ತು. “ಇನ್ನೊಂದ್ಸಲ ನೋಡ್ತೀನಿ ಕಣಪ್ಪ. ಜನ ಬರ್ದಿದ್ರೆ ಪುಸ್ತಕ ಕಟ್ಟಿಟ್ಬುಡ್ತೀನಿ” ಎಂದಿದ್ದರು ಅಯ್ಯನವರು.

ಅದಕ್ಕೇ ಮರುಳಸಿದ್ದಯ್ಯ ಮರದಲ್ಲಿ ಹೊಸ ಅಕ್ಷರ ಕೆತ್ತಲು ಕೂತ. ನಾಟಕದವರ ಕಾಗದದ ಅಕ್ಷರಕ್ಕಿಂತ ದಪ್ಪ, ಎತ್ತರ. ಆದರೂ ತುಂಬಿದ ಗಾಡಿಯಲ್ಲಿ ಮೈ ಒತ್ತಿ ಕೂತವರ ಹಾಗೆ ಕಿರಿದು. ಒತ್ತಕ್ಷರಗಳನ್ನು ಹೊಟ್ಟೆಯಡಿಗೇ ಮಡಿಸಿಟ್ಟ. ಯುದ್ಧದ ಪದ್ಯ ಬಂದಾಗ ಅಯ್ಯನವರು ಮುಂದಕ್ಕೆ ಬಾಗುತ್ತಿದ್ದರಲ್ಲ, ಅಕ್ಷರವೂ ಹಾಗೇ ಬಾಗಬೇಕು ಎಂದುಕೊಂಡ.

ಅಚ್ಚಿನ ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಕೆತ್ತಬೇಕು. ಅದು ಅವನ ಕೈಗೆ ರೂಢಿ. ಆದರೆ ಇದುವರೆಗೆ ಕೆತ್ತಿದ್ದೆಲ್ಲ ನೆಟ್ಟಗಿನ ಅಕ್ಷರ. ಅಕ್ಷರ ತಿರುಗಿಸಿದ ಕೈ ಅದರ ಬಾಗನ್ನು ತಿರುಗಿಸಲು ಮರೆಯಿತು. ಮೊದಲ ಕಾಗದ ಹೊರಬಂದಾಗ ಅಕ್ಷರಗಳೆಲ್ಲ ಹಿಂದಕ್ಕೆ ಒರಗಿದ್ದವು.

“ಅಯ್ಯೋ ಶಿವನೇ, ಉಂಡ್ಬುಟ್ಟು ದಿಂಬಿಗೊರಗಿದ ಬೀಗರಂಗೆ ಅವೆ ಕಣ್ರೀ!” ಎಂದು ಸರ್ವಮಂಗಳೆ ಸೆರಗು ಬಾಯಿಗಿಟ್ಟುಕೊಂಡಳು.

“ನಗಬ್ಯಾಡ ಕಣೇ. ನಾಳೀಕೇ ಓದು. ಮತ್ತೆ ಕೆತ್ತಕ್ಕೆ ಹೊತ್ತೆಲ್ಲೈತೆ?”

“ನಕ್ಕೆ, ಆದ್ರೂ ಕಣ್ಣು ಅದ್ರ ಮ್ಯಾಲಿಂದ ಅತ್ಲಾಗೆ ಹೋಗ್ನಿಲ್ಲ ನೋಡಿ. ಅಂಟಿಸ್ರಿ ಸುಮ್ಕೆ.”

ಮಾರನೇ ಬೆಳಿಗ್ಗೆ ಸಿರಾದ ಗೋಡೆಯ ಮೇಲೆ ನಾಟಕದ ಕಾಗದದ ಪಕ್ಕದಲ್ಲೇ ಅಂಟಿಸಿದ. ಹುಲಿಕುಂಟೆಯ ಕುರಿಕಾರ ಕದರಪ್ಪ ಜೊತೆಗಾರನನ್ನು ತಡೆದು ನಿಲ್ಲಿಸಿದ. “ಲೇ, ಇಲ್ನೋಡ್ಲಾ! ಅಕ್ಷರಾವ ಮಲಗಿಸ್ಬುಟ್ಟವ್ರೆ. ಓದೋ ಅಯ್ನೋರೂ ಇಂಗೇ ತೂಕಡುಸ್ತಾರಾ? ಹೋಗಿ ನೋಡೇಬುಡಾನ ಬಾ.” ನಿಂತು ನಕ್ಕವರು ಅವನೊಬ್ಬನೇ ಅಲ್ಲ.

ಮಧ್ಯಾಹ್ನ ಅಯ್ಯನವರು ಬಂದು ಕಾಗದ ನೋಡಿದಾಗ ಮರುಳಸಿದ್ದಯ್ಯ ತಲೆ ತಗ್ಗಿಸಿದ. “ತಪ್ಪಾಯ್ತು ಅಯ್ನೋರೇ, ಮುಂದಕ್ಕೆ ಬಾಗ್ಸಕ್ಕೋದೆ.”

“ನನ್ನ ಸೊಂಟ ನೋಡೇ ಕೆತ್ತಿದ್ದೀಯ ಬುಡಪ್ಪ. ಈಗೀಗ ಗೋಡೆ ಇಲ್ದೆ ಕೂರಕ್ಕಾಗಲ್ಲ.”

ಸಂಜೆ ಮಠದ ಜಗುಲಿ ತುಂಬಿತು. ಅಯ್ಯನವರು ಗೋಡೆಗೊರಗಿ ಓದು ಶುರುಮಾಡಿದಾಗ ಕದರಪ್ಪ ಪಕ್ಕದವನ ತೊಡೆ ಚಿವುಟಿ ಕಿಸಕ್ಕೆಂದ. ಯುದ್ಧ ಬಂತು. ದನಿ ಏರಿತು. ಅಯ್ಯನವರ ಬೆನ್ನು ಗೋಡೆ ಬಿಟ್ಟಿತು. ಮೈಯೆಲ್ಲ ಮುಂದಕ್ಕೆ ಬಾಗಿತು. ನಗು ಅಡಗಿದ್ದು ಯಾವಾಗಲೋ. ಕದರಪ್ಪನೂ ಅವನ ಹಿಂದಿನ ಸಾಲಿನವರೂ ತಮಗೇ ತಿಳಿಯದಂತೆ ಮುಂದಕ್ಕೆ ಬಾಗಿದ್ದರು.

ಮಂಗಳಾರತಿಯಾದ ಮೇಲೆ ಅಯ್ಯನವರು ಪುಸ್ತಕವನ್ನು ವಸ್ತ್ರದಲ್ಲಿ ಸುತ್ತಿ ಕಟ್ಟಿದರು. ಮರುಳಸಿದ್ದಯ್ಯ ಆ ಗಂಟನ್ನೇ ನೋಡುತ್ತಿದ್ದ. ಅದನ್ನವರು ಅವನ ಕೈಗಿತ್ತರು.

“ಗಾಡೀಲಿಡು. ಕೊರಟಗೆರೇಲೂ ಕಾಗದ ಅಂಟಿಸ್ಬೇಕಲ್ಲಪ್ಪ.”

“ಹೊಸ ಅಕ್ಷರ ಕೆತ್ತುತೀನಿ ಅಯ್ನೋರೇ, ಸರಿಯಾಗಿ.”

“ಬ್ಯಾಡ, ಅವೇ ಇರ್ಲಿ” ಎಂದು ಅಯ್ಯನವರು ಮತ್ತೆ ಗೋಡೆಗೆ ಒರಗಿದರು.